ಅವ್ವ ಒಡೆದ ಒಲೆ

ಮೂರು ವರ್ಷದ ಹಿಂದಿನ ಮಾತು. ಅವ್ವನ ಕೆಮ್ಮು ಎಷ್ಟು ದಿನವಾದರೂ ನಿಲ್ಲಲಿಲ್ಲ ಅಂತ ದೇವದುರ್ಗದಿಂದ ರಾಯಚೂರಿಗೆ ಕರಕೊಂಡು ಬಂದಿದ್ದೆ. ಡಾಕ್ಟರು ಎದೆಯ ಎಕ್ಸ್‌ರೇ ನೋಡಿದರು, ಒಂದು ಕೊಳವೆ ಕೊಟ್ಟು ಜೋರಾಗಿ ಊದಿಸಿದರು. ಆಮೇಲೆ ಕೇಳಿದರು: "ಯಮ್ಮಾ, ಬೀಡಿ ಗೀಡಿ ಸೇದ್ತೀಯೇನು?"

ಅವ್ವ ನಕ್ಕಳು. "ಎಲ್ಲಿ ಬೀಡಿ ಯಪ್ಪಾ! ಒಲಿ ಮುಂದ ಕುಂತು ಊದಗೊಳವಿ ಊದೀನಿ, ಅಷ್ಟ."

ಡಾಕ್ಟರು ನಗಲಿಲ್ಲ. "ಅದೂ ಒಂದೇ, ಇದೂ ಒಂದೇ" ಅಂದರು. ನಲವತ್ತು ವರ್ಷ ದಿನಕ್ಕೆ ಎರಡು ಹೊತ್ತು ಒಲೆಯ ಹೊಗೆ ಕುಡಿದ ಶ್ವಾಸಕೋಶ ಅದು. ಊರಿಗೆ ವಾಪಸ್ ಹೋಗುವಾಗ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆಯೇ. ನಮ್ಮ ಮನೆಗೆ ಒಂದು ಹೊಗೆರಹಿತ ಒಲೆ ಬಂದಿತ್ತು. ತೊಂಬತ್ತರ ದಶಕದಲ್ಲಿ, ನಾನು ಪ್ರೈಮರಿ ಶಾಲೆಯಲ್ಲಿದ್ದಾಗ. ಅದನ್ನು ಒಡೆದವಳು ಅವ್ವನೇ.

ಈ ಕಥೆಯನ್ನು ಬೆಂಗಳೂರಿನ ಆಫೀಸ್ ಕ್ಯಾಂಟೀನಿನಲ್ಲಿ ಎಷ್ಟೋ ಸಲ ಜೋಕಿನ ಹಾಗೆ ಹೇಳಿದ್ದೇನೆ. ಸರ್ಕಾರದ ಕಡೆಯವರು ಬಂದು, ಅಡುಗೆಮನೆಯ ಮೂಲೆಯಲ್ಲಿ ಮಣ್ಣು, ಇಟ್ಟಿಗೆಯಿಂದ ಒಲೆ ಕಟ್ಟಿ, ಸಿಮೆಂಟ್ ಪೈಪನ್ನು ಮಾಳಿಗೆಗೆ ಏರಿಸಿ ಹೋದರು. ತಿಂಗಳೊಳಗೆ ಅವ್ವ ಹಾರೆ ತಗೊಂಡು ಅದರ ಬಾಯಿ ಅಗಲ ಮಾಡಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಪೈಪೂ ಇಲ್ಲ, ಒಲೆಯೂ ಇಲ್ಲ. ಮತ್ತೆ ಹಳೇ ಮೂರು ಗುಂಡು. "ನಮ್ಮ ಜನಕ್ಕೆ ಒಳ್ಳೇದು ಕೊಟ್ರೂ ಬೇಡ" ಅಂತ ನಾನು ಮುಗಿಸುತ್ತಿದ್ದೆ, ಎಲ್ಲರೂ ನಗುತ್ತಿದ್ದರು. ಡಾಕ್ಟರ ಆ ಪ್ರಶ್ನೆ ಕೇಳಿದ ಮೇಲೆ ಈ ಜೋಕು ಹೇಳುವುದಕ್ಕೆ ಬಾಯಿ ಬರಲಿಲ್ಲ. ಆ ಒಲೆ ಎಲ್ಲಿಂದ ಬಂತು, ಯಾಕೆ ಸೋತಿತು ಅಂತ ಹುಡುಕತೊಡಗಿದೆ.

ಹುಡುಕುತ್ತಾ ಹೋದರೆ ನಮ್ಮ ಸೀಮೆಯಲ್ಲಿ ಬೂದಿಯ ಚರಿತ್ರೆ ಬಹಳ ಹಿಂದಕ್ಕೆ ಹೋಗುತ್ತದೆ. ಕೃಷ್ಣಾ, ತುಂಗಭದ್ರಾ ನದಿಗಳ ಸುತ್ತಮುತ್ತ ನವಶಿಲಾಯುಗದ ಬೂದಿದಿಬ್ಬಗಳಿವೆ. ನಾಲ್ಕೈದು ಸಾವಿರ ವರ್ಷದ ಹಿಂದಿನ ದನಗಾಹಿಗಳು ಹೆಂಡಿಯ ರಾಶಿಯನ್ನು ಸುಟ್ಟು ಸುಟ್ಟು ಆದ ದಿಬ್ಬಗಳು. ಬ್ರಿಟಿಷ್ ಪುರಾತತ್ವಜ್ಞ ರೇಮಂಡ್ ಆಲ್ಚಿನ್ 1950ರ ದಶಕದಲ್ಲಿ ನಮ್ಮದೇ ಜಿಲ್ಲೆಯ ಪಿಕ್ಲಿಹಾಳದಲ್ಲಿ ಅಗೆದರು. ಈ ದಿಬ್ಬಗಳ ಜನರ ಮೇಲೆ 1963ರಲ್ಲಿ ಪುಸ್ತಕ ಬರೆದರು. ಅಂದರೆ ಅವ್ವ ತಟ್ಟುವ ಕುಳ್ಳು ಇವತ್ತು ನಿನ್ನೆಯದಲ್ಲ. ಹಾಗೆ ನೋಡಿದರೆ ಊರಿನ ಸುತ್ತ ಬೆಳೆದಿರುವ ಬಳ್ಳಾರಿ ಜಾಲಿಯೇ ಹೊಸಬ. ಅದು ಅಮೆರಿಕ ಖಂಡದ ಗಿಡ, ಭಾರತಕ್ಕೆ ಬಂದದ್ದು 19ನೇ ಶತಮಾನದ ಕೊನೆಭಾಗದಲ್ಲಿ.

ಉರುವಲು ಬದಲಾಯಿತು, ಒಲೆ ಮಾತ್ರ ಹಾಗೇ ಉಳಿಯಿತು. ಅದನ್ನು ಬದಲಾಯಿಸಬೇಕು ಅಂತ ನಮ್ಮ ಕಡೆ ಮೊದಲು ಹೊರಟವರಲ್ಲಿ ಒಬ್ಬರು ಹೈದರಾಬಾದಿನ ಎಂಜಿನಿಯರ್ ಎಸ್. ಪಿ. ರಾಜು. ಅಲ್ಲಿನ ಎಂಜಿನಿಯರಿಂಗ್ ಸಂಶೋಧನಾಲಯದಲ್ಲಿದ್ದ ಅವರು ಹೊಗೆಕೊಳವೆ ಇರುವ, ಒಂದೇ ಬೆಂಕಿಯ ಮೇಲೆ ಹಲವು ಪಾತ್ರೆ ಕೂರಿಸುವ ಮಣ್ಣಿನ ಒಲೆ ಮಾಡಿ, 1953ರಲ್ಲಿ ಹೊಗೆಯಿಲ್ಲದ ಅಡುಗೆಮನೆಯ ಬಗ್ಗೆ ಒಂದು ಕಿರುಪುಸ್ತಕವನ್ನೂ ಪ್ರಕಟಿಸಿದರು. ಆಗ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಹೆಚ್ಚು ಕಡಿಮೆ ಅದೇ ಕಾಲದಲ್ಲಿ ವಾರ್ಧಾದ ಮಗನವಾಡಿಯಲ್ಲಿ ಗಾಂಧೀವಾದಿಗಳು 'ಮಗನ್ ಚುಲ್ಹಾ' ಮಾಡಿದ್ದರು. ಇಬ್ಬರದೂ ಒಂದೇ ಚಿಂತೆ: ಹೆಣ್ಣುಮಕ್ಕಳ ಕಣ್ಣು ಮತ್ತು ಎದೆ.

ಮುಂದಿನ ಅಧ್ಯಾಯ ಬೆಂಗಳೂರಿನದು. ಅಮೂಲ್ಯ ಕೆ. ಎನ್. ರೆಡ್ಡಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಲೆಕ್ಟ್ರೋಕೆಮಿಸ್ಟ್ರಿ ಪ್ರೊಫೆಸರ್. ಅವರು ಬೋಕ್ರಿಸ್ ಜೊತೆ ಬರೆದ ಪಠ್ಯಪುಸ್ತಕವನ್ನು ಜಗತ್ತಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಓದುತ್ತಾರೆ. ಅಂಥವರು 1974ರಲ್ಲಿ ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನವನ್ನು ಒಯ್ಯುವ 'ಅಸ್ತ್ರ' ಅನ್ನುವ ಘಟಕ ಶುರು ಮಾಡಿದರು. ಈ ತಂಡ ಕುಣಿಗಲ್ ತಾಲೂಕಿನ ಉಂಗ್ರದ ಸುತ್ತಲಿನ ಹಳ್ಳಿಗಳಲ್ಲಿ ಲೆಕ್ಕ ಹಾಕಿತು: ಯಾರು ಎಷ್ಟು ಕಟ್ಟಿಗೆ ಸುಡುತ್ತಾರೆ, ಎಷ್ಟು ದೂರದಿಂದ ಹೊತ್ತು ತರುತ್ತಾರೆ, ಅದಕ್ಕೆ ಎಷ್ಟು ಹೊತ್ತು ಹೋಗುತ್ತದೆ. ಆಗ ದೇಶದಲ್ಲಿ ಇಂಧನ ಅಂದರೆ ಪೆಟ್ರೋಲು, ಕರೆಂಟು ಅಂತ ಮಾತು. ಹಳ್ಳಿಯ ಇಂಧನದ ಬಹುಪಾಲು ಕಟ್ಟಿಗೆ, ಅದರ ಬಹುಪಾಲು ಅಡುಗೆಗೆ ಮತ್ತು ಬಿಸಿನೀರಿಗೆ ಅಂತ ಇವರ ಲೆಕ್ಕ ತೋರಿಸಿತು.

ಮೂರು ಗುಂಡಿನ ಒಲೆಯಲ್ಲಿ ಕಟ್ಟಿಗೆಯ ಕಾವಿನಲ್ಲಿ ಪಾತ್ರೆಗೆ ಮುಟ್ಟುವುದು ನೂರರಲ್ಲಿ ಹತ್ತರ ಆಸುಪಾಸು. ಯಾಕೆ ಅಂತ ತಿಳಿಯಲು ಕಟ್ಟಿಗೆ ಹೇಗೆ ಉರಿಯುತ್ತದೆ ಅಂತ ನೋಡಬೇಕು. ಕಾದ ಕಟ್ಟಿಗೆಯ ತೂಕದಲ್ಲಿ ಮುಕ್ಕಾಲು ಪಾಲು ಅನಿಲವಾಗಿ ಹೊರಗೆ ಬರುತ್ತದೆ. ನಾವು ಜ್ವಾಲೆ ಅನ್ನುವುದು ಈ ಅನಿಲ ಉರಿಯುವುದನ್ನೇ. ಅದಕ್ಕೆ ಸಾಕಷ್ಟು ಕಾವು, ಸಾಕಷ್ಟು ಗಾಳಿ ಎರಡೂ ಬೇಕು. ಸಿಗದಿದ್ದರೆ ಅದು ಉರಿಯದೆ ಎದ್ದು ಹೋಗುತ್ತದೆ, ಅದೇ ಹೊಗೆ. ಅಂದರೆ ಹೊಗೆ ಅಂದರೆ ಕಣ್ಣಿಗೆ ಹೋದ ಉರುವಲು! ಇನ್ನೊಂದು ಕಡೆ, ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ನುಗ್ಗಿದರೆ ಕಾವೆಲ್ಲ ಆ ಗಾಳಿಯನ್ನು ಬಿಸಿ ಮಾಡುವುದಕ್ಕೇ ಖರ್ಚು.

ಕೆ. ಎಸ್. ಜಗದೀಶ್, ಎಸ್. ಎಸ್. ಲೋಕ್ರಸ್, ಸ್ವಾತಿ ಭೋಗಲೆ ಮುಂತಾದವರು ಎಂಬತ್ತರ ದಶಕದ ಆರಂಭದಲ್ಲಿ ಮಾಡಿದ 'ಅಸ್ತ್ರ ಒಲೆ' ಇದಕ್ಕೆ ಉತ್ತರ. ಮುಚ್ಚಿದ ಉರುವಲು ಗೂಡು, ಕಟ್ಟಿಗೆಯ ಕೆಳಗೆ ಕಬ್ಬಿಣದ ಜಾಲರಿ, ಜಾಲರಿಯ ಕೆಳಗಿನಿಂದ ಅಳತೆಯ ಗಾಳಿ, ಒಂದರ ಹಿಂದೆ ಒಂದು ಮೂರು ಪಾತ್ರೆ, ಕೊನೆಗೆ ಹೊಗೆಕೊಳವೆ. ಪ್ರಯೋಗಾಲಯದಲ್ಲಿ ಇದರ ದಕ್ಷತೆ ಶೇ. 30 ದಾಟಿತು. ನಮ್ಮ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ 1985ರಲ್ಲಿ ಶುರುವಾಯಿತಲ್ಲ, ಅಂಥ ಸ್ಥಾವರಗಳು ಕಲ್ಲಿದ್ದಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗವನ್ನಷ್ಟೇ ಕರೆಂಟು ಮಾಡುವುದು. ಮಣ್ಣಿನ ಒಲೆಯೊಂದು ಆ ಅಂಕಿಯ ಹತ್ತಿರ ಬಂದಿತ್ತು ಅಂದರೆ ಹೆಮ್ಮೆಪಡುವ ಸಂಗತಿಯೇ.

ಕರ್ನಾಟಕದಲ್ಲಿ ಇದನ್ನು ಹರಡುವ ಕೆಲಸಕ್ಕೆ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಕೈಹಾಕಿತು. ದೇಶದ ಮಟ್ಟದಲ್ಲಿ ಎಂಬತ್ತರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಬಂತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ಲೆಕ್ಕದಲ್ಲಿ ಮೂರು ಕೋಟಿಗೂ ಮಿಕ್ಕಿ ಒಲೆಗಳು! ಆದರೆ ಎಣಿಸಿದ್ದು ಕಟ್ಟಿದ ಒಲೆಗಳನ್ನು, ಉರಿಯುತ್ತಿರುವ ಒಲೆಗಳನ್ನಲ್ಲ. ಎಷ್ಟು ಇನ್‌ಸ್ಟಾಲ್ ಆಯಿತು ಅಂತ ಲೆಕ್ಕ ಕೊಟ್ಟು, ಎಷ್ಟು ಜನ ಬಳಸುತ್ತಿದ್ದಾರೆ ಅಂತ ಕೇಳದೇ ಇರುವ ರೋಗ ನಮ್ಮ ಸಾಫ್ಟ್‌ವೇರಿನವರಿಗೆ ಹೊಸದಲ್ಲ. ಮುಂದೆ ರೇಮಾ ಹನ್ನಾ, ಎಸ್ತರ್ ಡುಫ್ಲೋ, ಮೈಕೆಲ್ ಗ್ರೀನ್‌ಸ್ಟೋನ್ ಒಡಿಶಾದ ಹಳ್ಳಿಗಳಲ್ಲಿ ಸುಧಾರಿತ ಒಲೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಮೊದಲ ವರ್ಷ ಅಡುಗೆ ಮಾಡುವವರ ಎದೆಗೆ ಹೋಗುವ ಹೊಗೆ ಕಡಿಮೆಯಾಗಿತ್ತು. ಆಮೇಲೆ ಆ ಲಾಭ ಕರಗಿಹೋಯಿತು. ದುರಸ್ತಿ ಇಲ್ಲ, ಬಳಕೆಯೂ ಇಲ್ಲ.

ಇಷ್ಟು ಓದಿಕೊಂಡು ದೀಪಾವಳಿಗೆ ಊರಿಗೆ ಹೋದಾಗ, ಅಷ್ಟು ವರ್ಷದಲ್ಲಿ ಮೊದಲ ಸಲ ಅವ್ವನನ್ನು ಕೇಳಿದೆ: ಆ ಒಲಿ ಯಾಕ ಒಡದಿ?

"ನಿನಗ ರೊಟ್ಟಿ ಬೇಕಿತ್ತಲ್ಲ, ಅದಕ್ಕ" ಅಂದಳು.

ಆಮೇಲೆ ಒಂದೊಂದೇ ಹೇಳಿದಳು. ಬ್ಯಾಸಗಿಯಲ್ಲಿ ನಮ್ಮ ಮನೆಯ ಉರುವಲು ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ. ಆಳುದ್ದದ ಕಡ್ಡಿ, ಬೆರಳು ದಪ್ಪ. ಒಲೆಯ ಗೂಡಿಗೆ ಗೇಣುದ್ದದ ತುಂಡು ಮಾತ್ರ ಹಿಡಿಸುತ್ತಿತ್ತು. ಹೊಲದಿಂದ ಬಂದು ರಾತ್ರಿ ಹತ್ತಿ ಕಟ್ಟಿಗೆ ಮುರೀತಾ ಕೂರೋರು ಯಾರು? ಎರಡನೇದು, ಜೋಳದ ರೊಟ್ಟಿ ಹಂಚಿನ ಮೇಲೆ ಅರ್ಧ ಬೇಯುತ್ತದೆ. ಆಮೇಲೆ ಒಲೆಯ ಬಾಯಿಯಲ್ಲಿ ಕೆಂಡಕ್ಕೆ ಆನಿಸಿ ನಿಲ್ಲಿಸಿದರೆ ಉಬ್ಬುತ್ತದೆ. ಬಾಯಿಯೇ ಮುಚ್ಚಿದ ಒಲೆಯಲ್ಲಿ ರೊಟ್ಟಿಯನ್ನು ಎಲ್ಲಿ ಆನಿಸಬೇಕು? ಮೂರನೇದು, ಪೈಪಿನಲ್ಲಿ ಮಸಿ ಕಟ್ಟಿ ಹೊಗೆ ತಿರುಗಿ ಮನೆಯೊಳಗೇ ಬಂತು. ಅದನ್ನು ತೆಗೆಯಬೇಕು ಅಂತ ಯಾರೂ ಹೇಳಿರಲಿಲ್ಲ. ಮಳೆಗಾಲದಲ್ಲಿ ಪೈಪಿನ ಸುತ್ತ ಮಣ್ಣಿನ ಮಾಳಿಗೆ ಸೋರಿತು. ಕಟ್ಟಿ ಹೋದವರು ಮತ್ತೆ ಬರಲೇ ಇಲ್ಲ.

ನಾನು ಸುಮ್ಮನಾದೆ. ನಾನು ಜೋಕು ಮಾಡಿದ್ದ ಹಾರೆ ಪೆಟ್ಟು, ಬಳಸುವವರು ಕೊಟ್ಟ ದೂರು ಆಗಿತ್ತು. ತೆಗೆದುಕೊಳ್ಳುವವರು ಇರಲಿಲ್ಲ ಅಷ್ಟೇ. ಉಂಗ್ರದಲ್ಲಿ ವಿಜ್ಞಾನಿಗಳು ವರ್ಷಗಟ್ಟಲೆ ಹೆಂಗಸರ ಜೊತೆ ಕೂತು ಕಲಿತ ವಿದ್ಯೆ, ಟಾರ್ಗೆಟ್ ಆಗಿ ನಮ್ಮ ಜಿಲ್ಲೆಗೆ ಬರುವಷ್ಟರಲ್ಲಿ ಬರೀ ಅಳತೆಯಾಗಿ ಉಳಿದಿತ್ತು. ಅದೇ ತಂಡದ ಸ್ವಾತಿ ಭೋಗಲೆ ಮುಂದೆ ಬೆಂಗಳೂರಿನ 'ಟೈಡ್' ಸಂಸ್ಥೆಯ ಮೂಲಕ ಒಲೆ ಕಟ್ಟುವ ಕಸುಬನ್ನು ಹಳ್ಳಿಯ ಹೆಂಗಸರಿಗೇ ಕಲಿಸಿದ್ದು ಬಹುಶಃ ಇದೇ ಪಾಠದಿಂದ. ಕಟ್ಟಿದವಳು ಅದೇ ಊರಲ್ಲಿದ್ದರೆ ಮಸಿ ತೆಗೆಯಲು ಕರೆಯಬಹುದು.

"ಗ್ಯಾಸ್ ಇದೆಯಲ್ಲ, ಇದೆಲ್ಲ ಯಾಕೆ?" ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ಉಜ್ವಲಾ ಯೋಜನೆ 2016ರ ಮೇ 1ರಂದು ಶುರುವಾಯಿತು. ಹಳ್ಳಿಹಳ್ಳಿಗೆ ಸಿಲಿಂಡರ್ ಮುಟ್ಟಿದೆ, ಅದು ದೊಡ್ಡ ಬದಲಾವಣೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಡುಗೆಗೆ ಮುಖ್ಯವಾಗಿ ಶುದ್ಧ ಇಂಧನ ಬಳಸುವ ಮನೆಗಳು ದೇಶದಲ್ಲಿ ಶೇ. 59ರ ಹತ್ತಿರ ಮಾತ್ರ. ಮಾನ್ವಿಯ ನಮ್ಮ ಅಕ್ಕನ ಮನೆಯಲ್ಲಿ ಚಹಾ, ಅನ್ನ, ಸಾರು ಗ್ಯಾಸಿನ ಮೇಲೆ. ಸ್ನಾನದ ನೀರು, ರೊಟ್ಟಿ ಕಟ್ಟಿಗೆಯ ಮೇಲೆ. ಹತ್ತಿ ಕಟ್ಟಿಗೆ ಹೊಲದಲ್ಲೇ ಪುಕ್ಕಟೆ ಬಿದ್ದಿರುವಾಗ ನೀರು ಕಾಸಲು ಸಿಲಿಂಡರ್ ಯಾರು ಸುಡುತ್ತಾರೆ? ಒಲೆ ನಾಳೆಯೇ ಹೋಗುವುದಿಲ್ಲ. ಇರುವಷ್ಟು ದಿನ ಅದು ಕೊಲ್ಲಬಾರದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಆ ದೀಪಾವಳಿಗೆ ನಾವು ಹೊಸ ಒಲೆ ಕಟ್ಟಿದೆವು. ಈ ಸಲ ಡಿಸೈನ್ ಅವ್ವನದು, ಕೂಲಿ ನನ್ನದು. ಅಡುಗೆಮನೆಯಿಂದ ಒಲೆಯನ್ನು ಹಿತ್ತಲ ಪಡಸಾಲೆಗೆ ತಂದೆವು, ಎರಡು ಕಡೆ ಗಾಳಿ ಆಡುವ ಜಾಗಕ್ಕೆ. ಉದ್ದ ಕಡ್ಡಿ ಹಿಡಿಸುವಷ್ಟು, ರೊಟ್ಟಿ ಆನಿಸುವಷ್ಟು ಬಾಯಿ. ಕೆಳಗೆ ಗುಜರಿ ಅಂಗಡಿಯಿಂದ ತಂದ ಕಬ್ಬಿಣದ ಜಾಲರಿ, ಅದರಡಿ ಬೂದಿಗೆ, ಗಾಳಿಗೆ ಒಂದು ಗೂಡು. ಹಿಂದೆ ಕೊಡೊಲೆಯ ಮೇಲೆ ಸದಾ ನೀರಿನ ಹಂಡೆ. ಹೊಗೆಕೊಳವೆಯನ್ನು ನಾನು ಚಂದ ಕಾಣಲಿ ಅಂತ ಮಾಳಿಗೆಯ ಅಂಚಿಗೆ ನಿಲ್ಲಿಸಿದ್ದೆ. ಸಂಜೆ ಗಾಳಿ ಬೀಸಿದ್ದೇ ಹೊಗೆಯೆಲ್ಲ ವಾಪಸ್. "ಬಿಇ ಓದೀಯಂತ, ಗಾಳಿ ಓದಿಲ್ಲ" ಅಂದಳು ಅವ್ವ. ಮಾಳಿಗೆಗಿಂತ ಮೂರು ಅಡಿ ಮೇಲಕ್ಕೆ ಏರಿಸಿದ ಮೇಲೆ ಸರಿಹೋಯಿತು.

ಉಳಿದದ್ದು ರೂಢಿಯ ಮಾತು. ನಿಮ್ಮ ಊರಿನ ಮನೆಯಲ್ಲೂ ಒಲೆ ಇದ್ದರೆ ಇಷ್ಟು ನೋಡಿ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧ ನೀರೇ ಇರಬಹುದು. ಆ ನೀರನ್ನು ಒಣಗಿಸುವ ಕೆಲಸ ಬಿಸಿಲು ಮಾಡಲಿ, ಬೆಂಕಿ ಅಲ್ಲ. ರಾಯಚೂರಿನಲ್ಲಿ ಬಿಸಿಲಿಗೆ ಬರವಿಲ್ಲ, ಮಳೆಗಾಲದ ಕಟ್ಟಿಗೆಯನ್ನು ಬ್ಯಾಸಗಿಯಲ್ಲೇ ಮಾಡಿನ ಕೆಳಗೆ ಒಟ್ಟಬೇಕು. ಜಾಲಿ ಬೊಡ್ಡೆಯನ್ನು ಸೀಳಿ ಇಡಬೇಕು. ಶಕ್ತಿನಗರದಲ್ಲೂ ಕಲ್ಲಿದ್ದಲನ್ನು ಹಿಟ್ಟಿನಂತೆ ಪುಡಿ ಮಾಡಿಯೇ ಉರಿಸುವುದು, ಗಾಳಿ ಎಲ್ಲ ಕಡೆ ಮುಟ್ಟಲಿ ಅಂತ. ಒಂದೇ ಸಲ ಗೂಡು ತುಂಬಬೇಡಿ, ಸ್ವಲ್ಪ ಸ್ವಲ್ಪ ಮುಂದೆ ತಳ್ಳುತ್ತಿರಿ. ಪಾತ್ರೆಗೆ ಮುಚ್ಚಳ ಇರಲಿ. ಹೊತ್ತಿಸಲು ಸೀಮೆಎಣ್ಣೆ ಸುರಿಯುವುದು, ಪ್ಲಾಸ್ಟಿಕ್ ಸುಡುವುದು ಬೇಡವೇ ಬೇಡ. ಸೆರಗು ಸೊಂಟಕ್ಕೆ ಸಿಕ್ಕಿಸಬೇಕು, ಪಕ್ಕದಲ್ಲಿ ಒಂದು ಕೊಡ ನೀರಿರಬೇಕು. ಕೊಳವೆಯ ಮಸಿಯನ್ನು ತಿಂಗಳಿಗೊಮ್ಮೆ ತೆಗೆಯಬೇಕು, ಮಸಿಗೂ ಬೆಂಕಿ ಹತ್ತುತ್ತದೆ. ಬೂದಿಯಲ್ಲಿ ಕೆಂಡ ಮರುದಿನದವರೆಗೂ ಬದುಕಿರಬಹುದು, ತಿಪ್ಪೆಗೆ ಚೆಲ್ಲುವ ಮುಂಚೆ ನೀರು ಹಾಕಿ; ಎಷ್ಟೋ ಬಣವೆಗಳು ಹೀಗೇ ಸುಟ್ಟಿವೆ. ಚಳಿ ಅಂತ ಕೆಂಡದ ಬುಟ್ಟಿಯನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಂಡು ಮಲಗಬೇಡಿ. ಹೊಗೆ ಕಾಣದಿದ್ದರೂ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯಿಲ್ಲ.

ಅವ್ವನ ಎದೆ ಮೊದಲಿನಂತೆ ಆಗುವುದಿಲ್ಲ, ಡಾಕ್ಟರು ಅದನ್ನು ಸ್ಪಷ್ಟವಾಗಿಯೇ ಹೇಳಿದ್ದಾರೆ. ಇನ್‌ಹೇಲರ್ ಇದೆ, ಅನ್ನ ಸಾರು ಗ್ಯಾಸಿನ ಮೇಲೆ, ಒಲೆ ರೊಟ್ಟಿಗೆ ಮತ್ತು ನೀರಿಗೆ ಮಾತ್ರ. ಕೆಮ್ಮು ಕಡಿಮೆಯಾಗಿದೆ, ಹೋಗಿಲ್ಲ. ಹೋದ ತಿಂಗಳು ಪಕ್ಕದ ಮನೆಯ ಸೊಸೆ ಬಂದು ಅಂಥದ್ದೇ ಒಲೆ ಬೇಕು ಅಂದಳಂತೆ. ಅವ್ವ ಹೋಗಿ ಮೊದಲು ಕೇಳಿದ್ದು ಒಂದೇ ಮಾತು: "ನೀ ಏನು ಸುಡ್ತಿ, ಏನು ಮಾಡ್ಕೊಂಡು ಉಣ್ತಿ, ಅದನ್ನ ಮೊದಲ ಹೇಳು. ಒಲಿ ಆಮ್ಯಾಲ."