‘ಜ್ಞಾ’ ಅಕ್ಷರ ಬಂದರೆ ಫೋನ್ ಹಾಳಾಗುತ್ತದೆಯೇ?

ಈ ತೆಲುಗು ಅಕ್ಷರ ಇರುವ ಮೆಸೇಜ್ ತೆರೆಯಬೇಡಿ, ಇದು ವೈರಸ್ ಎಂಬ ಬಗೆಯ ಫಾರ್ವರ್ಡ್‌ಗಳಲ್ಲಿ ಅರ್ಧ ಸತ್ಯವಿದೆ. 2018ರ ಫೆಬ್ರುವರಿಯಲ್ಲಿ ಐಫೋನ್‌ಗಳಲ್ಲಿ ನಿಜಕ್ಕೂ ಹೀಗಾಗಿತ್ತು. ತೆಲುಗಿನ ‘ಜ್ಞಾ’ದೊಳಗೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿದ್ದರೆ, ಅದನ್ನು ತೋರಿಸಲು ಹೋದ ವಾಟ್ಸ್‌ಆ್ಯಪ್ ಮುಂತಾದ ಆ್ಯಪ್‌ಗಳು ತಟ್ಟನೆ ಮುಚ್ಚಿಕೊಳ್ಳುತ್ತಿದ್ದವು. ಆದರೆ ಅದು ವೈರಸ್ ಅಲ್ಲ. ಬೆಳಗಾವಿಯ ವಿಟಿಯು ಆವರಣದ ಹೆಸರು ‘ಜ್ಞಾನ ಸಂಗಮ’ ಶುರುವಾಗುವುದೂ ಈ ಒತ್ತಕ್ಷರದಿಂದಲೇ. ಸುಮ್ಮನೆ ಟೈಪ್ ಮಾಡಿದ ‘ಜ್ಞಾ’ ಯಾರ ಫೋನನ್ನೂ ಕೆಡಿಸದು.

ಬೇರೆ ಬೇರೆ ಕಂಪನಿಗಳ ಆ್ಯಪ್‌ಗಳು ಒಂದೇ ಅಕ್ಷರಕ್ಕೆ ಸೋತದ್ದೇಕೆ? ಒತ್ತಕ್ಷರ ಜೋಡಿಸುವ ಕೋಡನ್ನು ಅವು ಯಾವುವೂ ಸ್ವಂತವಾಗಿ ಬರೆದಿರಲಿಲ್ಲ. ಫೋನಿನಲ್ಲೇ ಇರುವ ಒಂದು ಕೋಡನ್ನು ಎಲ್ಲವೂ ಕರೆಯುತ್ತಿದ್ದವು. ಖಾನಾಪುರದ ಕೆಂಪು ಮಣ್ಣಿನ ಹಂಚನ್ನು ನೆನೆಯಿರಿ. ಅಚ್ಚಿನಲ್ಲಿ ಬಿರುಕಿದ್ದರೆ ಅದರಿಂದ ತೆಗೆದ ಹಂಚಿಗೆಲ್ಲ ಅದೇ ಗೆರೆ.

ಬೇರೆಯವರ ಕೋಡ್ ಬಳಸುವವರಿಗೆ ಕೋಡಿಂಗ್ ಬರುವುದಿಲ್ಲ ಎಂದು ಕೆಲವು ವಿದ್ಯಾರ್ಥಿಗಳು ನಂಬಿದ್ದಾರೆ. ಇದು ಸುಳ್ಳು. 1949ರಲ್ಲಿ ಕೇಂಬ್ರಿಜ್‌ನಲ್ಲಿ ಕೆಲಸ ಆರಂಭಿಸಿದ ಎಡ್‌ಸ್ಯಾಕ್ ಕಂಪ್ಯೂಟರಿಗೂ ಇಂಥ ‘ಲೈಬ್ರರಿ’ ಇತ್ತು. ಪದೇ ಪದೇ ಬೇಕಾಗುವ ಲೆಕ್ಕಗಳನ್ನು ತೂತು ಹೊಡೆದ ಕಾಗದದ ಪಟ್ಟಿಗಳಲ್ಲಿ ಜೋಡಿಸಿಟ್ಟು, ಬೇಕಾದವರು ಬಳಸಿಕೊಳ್ಳುತ್ತಿದ್ದರು.

ನಮ್ಮ ಮಟ್ಟಿಗೆ ಅಪಾಯ ಇರುವುದು ಕಾಪಿ-ಪೇಸ್ಟ್‌ನಲ್ಲಿ. ಒಂದೇ ಕೋಡನ್ನು ಹತ್ತು ಕಡೆ ಅಂಟಿಸಿದರೆ ತಪ್ಪನ್ನೂ ಹತ್ತು ಕಡೆ ತಿದ್ದಬೇಕು, ಒಂದಾದರೂ ಉಳಿದೇ ಹೋಗುತ್ತದೆ. ಅದಕ್ಕೇ ಒಳ್ಳೆಯ ತಂಡಗಳು ಕೋಡನ್ನು ಒಂದೇ ಜಾಗದಲ್ಲಿಟ್ಟು, ಅದಕ್ಕೆ ಜವಾಬ್ದಾರರನ್ನು ಗೊತ್ತುಮಾಡುತ್ತವೆ. ಇನ್ನೊಬ್ಬರು ಓದಿ ಒಪ್ಪದೆ, ಪರೀಕ್ಷೆಗಳು ಪಾಸಾಗದೆ ಬದಲಾವಣೆ ಒಳಗೆ ಬರುವಂತಿಲ್ಲ. ಬದಲಾದಾಗಲೆಲ್ಲ ಹೊಸ ಆವೃತ್ತಿ ಸಂಖ್ಯೆ. ಸಾಮಾನ್ಯವಾಗಿ ಕೊನೆಯ ಅಂಕಿ ಏರಿದರೆ ಸಣ್ಣ ರಿಪೇರಿ. ಮೊದಲ ಅಂಕಿ ಏರಿದರೆ ಹಳೆಯ ಆ್ಯಪ್ ಹೊಂದದೆಯೂ ಹೋಗಬಹುದು. ಯಾವ ಆವೃತ್ತಿ ಬೇಕೆಂದು ಬಳಸುವವರೂ ಬರೆದಿಡುತ್ತಾರೆ.

ಹೊರಗಿನವರ ಕೋಡಾದರೆ ಒಂದು ಪ್ರತಿಯನ್ನು ತಮ್ಮಲ್ಲೂ ಇಟ್ಟುಕೊಳ್ಳುವುದು ವಾಸಿ. 2016ರ ಮಾರ್ಚ್‌ನಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ ಕೇವಲ 11 ಸಾಲಿನ ಕೋಡನ್ನು ಅದನ್ನು ಬರೆದವರೇ ಎನ್‌ಪಿಎಂ ಎಂಬ ಸಾರ್ವಜನಿಕ ಭಂಡಾರದಿಂದ ತೆಗೆದುಬಿಟ್ಟರು. ಪದದ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ! ಆದರೂ ಅದನ್ನು ನೆಚ್ಚಿಕೊಂಡಿದ್ದ ಜಗತ್ತಿನ ಸಾವಿರಾರು ಪ್ರಾಜೆಕ್ಟ್‌ಗಳು ಕೆಲ ಗಂಟೆ ನಿಂತವು. ಭಂಡಾರದವರು ಅದನ್ನು ಮತ್ತೆ ಹಾಕಿ, ಆಮೇಲೆ ಹಾಗೆ ತೆಗೆಯುವುದಕ್ಕೆ ನಿರ್ಬಂಧ ತಂದರು.

ಹಂಚಿಕೊಂಡ ಕೋಡಿನ ಲಾಭವೂ ‘ಜ್ಞಾ’ ಪ್ರಕರಣದಲ್ಲೇ ಕಾಣುತ್ತದೆ. 2018ರ ಫೆಬ್ರುವರಿ 19ರಂದು ಆ್ಯಪಲ್ ಐಒಎಸ್ 11.2.6 ಬಿಡುಗಡೆ ಮಾಡಿ ಆ ಒಂದು ಜಾಗದಲ್ಲಿ ತಿದ್ದಿತು. ಅಪ್‌ಡೇಟ್ ಮಾಡಿಕೊಂಡ ಫೋನ್‌ಗಳ ಆ್ಯಪ್‌ಗಳೆಲ್ಲ ಸರಿಹೋದವು. ಈಗಲೂ ಆ ಫಾರ್ವರ್ಡ್ ಬಂದರೆ ಸೆಟ್ಟಿಂಗ್ಸ್‌ನಲ್ಲಿ ಐಒಎಸ್ ಆವೃತ್ತಿ ನೋಡಿ. 11.2.6 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಆ ಅಕ್ಷರಕ್ಕೆ ಹೆದರಬೇಕಿಲ್ಲ.