ಮೂಳೆ ಹಿಡಿಯುವ ಲೇಪಗಳು: ಅಡಿಕೆ ಸೀಮೆಯಿಂದ ಒಂದು ಪರಿಶೀಲನೆ

ಶಿರಸಿ ತಾಲ್ಲೂಕಿನ ಹೆಗಡೆಕಟ್ಟಾದಂಥ ಊರುಗಳಲ್ಲಿ, ಸಿದ್ದಾಪುರ-ಯಲ್ಲಾಪುರದ ಕಡೆಗೂ, ಮೈಯಲ್ಲಿ ಲೋಹ ಹೊತ್ತು ಓಡಾಡುವವರು ಅಪರೂಪವೇನಲ್ಲ. ಅಡಿಕೆ ಮರದಿಂದ ಬಿದ್ದು ರಾಡೋ ಪ್ಲೇಟೋ ಹಾಕಿಸಿಕೊಂಡ ಕೊನೆಗೌಡ, ಮಳೆಗಾಲದ ಅಂಗಳದಲ್ಲಿ ಜಾರಿ ತೊಡೆಮೂಳೆಯ ಕುತ್ತಿಗೆ ಮುರಿದುಕೊಂಡ ಅಜ್ಜಿ, ಹೋದ ಹಲ್ಲಿನ ಜಾಗಕ್ಕೆ ದವಡೆಯಲ್ಲಿ ತಿರುಪು ಕೂರಿಸಿಕೊಂಡ ತೋಟಿಗ, ಮೂವರಿಗೂ ಹಾಕಿದ್ದು ‘ಇಂಪ್ಲಾಂಟ್’ ಎಂದೇ ಆಸ್ಪತ್ರೆಯವರು ಹೇಳುತ್ತಾರೆ. ಆದರೆ ಆ ಲೋಹದಿಂದ ಮೂವರೂ ಬಯಸುವುದು ಬೇರೆ ಬೇರೆ. ಲೋಹಕ್ಕೆ ಮೂಳೆ ಬೇಗ ಹಿಡಿಯುವಂತೆ ಮಾಡುವ ಲೇಪಗಳ ಕುರಿತು ನಡೆಯುವ ಚರ್ಚೆಯಲ್ಲಿ ಈ ವ್ಯತ್ಯಾಸ ಮರೆಯಾಗಿ, ‘ಯಾವ ಲೇಪ ಶ್ರೇಷ್ಠ’ ಎಂಬ ಪ್ರಶ್ನೆಯೊಂದೇ ಉಳಿದಿದೆ. ಯಾವ ಮೂಳೆಗೆ, ಎಷ್ಟು ಕಾಲಕ್ಕೆ, ಯಾವ ಕೆಲಸಕ್ಕೆ ಎಂದು ಕೇಳದೆ ಲೇಪದ ಬೆಲೆ ಕಟ್ಟಲಾಗದು ಎಂಬುದು ಈ ಲೇಖನದ ವಾದ.

ಟೈಟೇನಿಯಂ ಗಾಳಿ ತಾಗಿದ ಕೂಡಲೇ ತನ್ನ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಎಳೆದುಕೊಳ್ಳುತ್ತದೆ. ಮೂಳೆಯ ಕೋಶಗಳಿಗೆ ಎದುರಾಗುವುದು ಆ ಪೊರೆಯೇ ಹೊರತು ಲೋಹವಲ್ಲ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿನೊಳಗೆ ರಕ್ತಸಂಚಾರ ನೋಡಲು ಇಟ್ಟ ಟೈಟೇನಿಯಂ ಕೋಶಕವನ್ನು ಮರಳಿ ಕೀಳಲು ಹೋದಾಗ ಅದು ಮೂಳೆಯಿಂದ ಬಿಟ್ಟುಬರಲಿಲ್ಲ. 1965ರಲ್ಲಿ ಅದೇ ಗುಣವನ್ನು ನೆಚ್ಚಿ ಅವರು ಮನುಷ್ಯನ ದವಡೆಗೆ ತಿರುಪು ಕೂರಿಸಿದರು. ಆ ತಿರುಪುಗಳಿಗೆ ಲೇಪವೇ ಇರಲಿಲ್ಲ, ಆದರೂ ನಾಲ್ಕು ದಶಕ ಉಳಿದವು. ಬರಿಯ ಟೈಟೇನಿಯಮ್ಮಿಗೂ ಮೂಳೆ ಹಿಡಿಯುತ್ತದೆ. ಲೇಪ ಮಾಡುವ ಕೆಲಸ ಅದನ್ನು ಬೇಗನೆ, ಹೆಚ್ಚು ಜಾಗದಲ್ಲಿ ಆಗಿಸುವುದು.

ಇಂಥ ಲೇಪಗಳಲ್ಲಿ ಹೆಚ್ಚು ಬಳಕೆಗೆ ಬಂದದ್ದು ಹೈಡ್ರಾಕ್ಸಿಅಪಟೈಟ್. ಮೂಳೆಯ ಖನಿಜಕ್ಕೆ ಹತ್ತಿರದ ಕ್ಯಾಲ್ಸಿಯಂ ಫಾಸ್ಫೇಟ್ ಇದು. ಕ್ಯಾಲ್ಸಿಯಂ-ರಂಜಕದ ಪರಮಾಣು ಅನುಪಾತ 1.67. ಲಂಡನ್ನಿನ ರೊನಾಲ್ಡ್ ಫರ್ಲಾಂಗ್ 1985ರಲ್ಲಿ ಈ ಲೇಪದ ಸೊಂಟದ ಕೀಲನ್ನು ರೋಗಿಗೆ ಹಾಕಿದರು, ಮರುವರ್ಷ ನೆದರ್ಲೆಂಡ್ಸಿನ ಗೀಸಿಂಕ್ ಹಾಕಿದರು. ಲೇಪ ಹಚ್ಚುವ ಮುಖ್ಯ ವಿಧಾನ ಪ್ಲಾಸ್ಮಾ ಸಿಂಪಡಣೆ: ಹತ್ತು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟುವ ಜ್ವಾಲೆಯಲ್ಲಿ ಪುಡಿಯನ್ನು ಹಾಯಿಸಿ, ಅರೆಕರಗಿದ ಕಣಗಳನ್ನು ಲೋಹದ ಮೇಲೆ ಅಪ್ಪಳಿಸುವುದು. ತೊಂದರೆ ಹುಟ್ಟುವುದೂ ಇಲ್ಲೇ. ಅಷ್ಟು ಕಾವಿಗೆ ಹೈಡ್ರಾಕ್ಸಿಅಪಟೈಟಿನ ಒಂದು ಪಾಲು ಒಡೆದು, ಮೈಯೊಳಗೆ ಬೇಗ ಕರಗುವ ಬೇರೆ ಫಾಸ್ಫೇಟುಗಳಾಗುತ್ತದೆ. ಇನ್ನೊಂದು ಪಾಲು ಹರಳುಗಟ್ಟದೆ ಗಾಜಿನಂತೆ ಉಳಿಯುತ್ತದೆ. ಬಿಸಿಗೆ ಹಿಗ್ಗುವುದರಲ್ಲಿ ಲೇಪವೂ ಟೈಟೇನಿಯಮ್ಮೂ ಸಮವಲ್ಲ. ತಣಿಯುವಾಗ ಲೇಪ ಹೆಚ್ಚು ಕುಗ್ಗಿ ಒಳಗೇ ಬಿಗಿತ ಉಳಿದು ಬಿರುಕಿಗೆ ದಾರಿಯಾಗುತ್ತದೆ. ಅದಕ್ಕೇ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 13779 ಲೇಪದ ಅಂಟುಬಲ ಕನಿಷ್ಠ 15 ಮೆಗಾಪಾಸ್ಕಲ್ ಇರಬೇಕೆನ್ನುತ್ತದೆ, ಹರಳಿನ ಅಂಶಕ್ಕೂ ಮಿತಿ ಹಾಕುತ್ತದೆ. ಪೂರ್ತಿ ಹರಳುಗಟ್ಟಿದ ಲೇಪ ಬಾಳಿಕೆ ಬರುತ್ತದೆ, ಆದರೆ ಮೂಳೆಯೊಡನೆ ಮಾತಾಡುವುದು ಕಡಿಮೆ. ಕರಗುವ ಲೇಪ ಮೂಳೆಯನ್ನು ಕರೆಯುತ್ತದೆ, ಆದರೆ ನಿಲ್ಲುವುದಿಲ್ಲ. ಕೊಳೆರೋಗ ಬರದಂತೆ ಅಡಿಕೆ ಕೊನೆಗೆ ಹೊಡೆಯುವ ಬೋರ್ಡೋ ದ್ರಾವಣದ ಸಮಸ್ಯೆಯೂ ಇದೇ ಜಾತಿಯದು. ಅಂಟಲೆಂದು ರಾಳ ಬೆರೆಸುತ್ತೇವೆ, ಆದರೆ ಮದ್ದು ವರ್ಷಗಟ್ಟಲೆ ಕೂರಬೇಕೆಂದು ಯಾರೂ ಬಯಸುವುದಿಲ್ಲ. ಮುಂದಿನ ಸರದಿಯವರೆಗೆ ನಿಂತರೆ ಸಾಕು. 50ರಿಂದ 200 ಮೈಕ್ರೋಮೀಟರ್ ದಪ್ಪದ ಈ ಲೇಪವೂ ಮೂಳೆ ಲೋಹವನ್ನು ತಾನೇ ಹಿಡಿಯುವವರೆಗೆ ನಿಂತರೆ ಅದರ ಕೆಲಸ ಮುಗಿಯಿತು.

ಆ ಮೊದಲ ಎರಡು-ಮೂರು ತಿಂಗಳಲ್ಲಿ ಲೋಹ ಅಲುಗಕೂಡದು. ಮೂಳೆ ಮತ್ತು ಲೋಹದ ನಡುವಿನ ಚಲನೆ ಸುಮಾರು 40 ಮೈಕ್ರೋಮೀಟರಿನೊಳಗಿದ್ದರೆ ಮೂಳೆ ಬೆಳೆಯುತ್ತದೆ, 150 ದಾಟಿದರೆ ಅಲ್ಲಿ ನಾರುಪೊರೆ ಬೆಳೆಯುತ್ತದೆ. ಶಸ್ತ್ರಚಿಕಿತ್ಸಕರು ಲೋಹವನ್ನು ಬಿಗಿಯಾಗಿ ಕೂರಿಸದಿದ್ದರೆ ಎಂಥ ಲೇಪವೂ ಆ ಲೋಪವನ್ನು ತುಂಬಲಾರದು. ಲೇಪದ ಜಾಹೀರಾತುಗಳಲ್ಲಿ ಕಾಣದ ಸಂಗತಿ ಇದು.

ಈಗ ಕೊನೆಗೌಡನ ವಿಚಾರ. ಎತ್ತರದಿಂದ ಬಿದ್ದವರಲ್ಲಿ ಹಿಮ್ಮಡಿ, ಕಾಲಿನ ಉದ್ದ ಮೂಳೆಗಳು ಮತ್ತು ಸೊಂಟದ ಮೇಲಿನ ಬೆನ್ನುಮೂಳೆಯ ಮಣಿಗಳು ಮುರಿಯುವುದು ಸಾಮಾನ್ಯ. ಅವನಿಗೆ ಹಾಕುವ ಪ್ಲೇಟು ಮೂಳೆ ಕೂಡುವ ತನಕದ ಆಧಾರ. ಒಂದೆರಡು ವರ್ಷದ ಮೇಲೆ ಅದನ್ನು ತೆಗೆಯಬೇಕಾಗಿ ಬರಬಹುದು. ಮೂಳೆ ಬಲವಾಗಿ ಹಿಡಿದ ಟೈಟೇನಿಯಂ ತಿರುಪು ಬಿಚ್ಚಲು ಹೋದಾಗ ತಲೆ ಸವೆದು ಸತಾಯಿಸುವುದು ಮೂಳೆ ವೈದ್ಯರಿಗೆಲ್ಲ ಗೊತ್ತು. ಹಾಗಾಗಿ ಇಲ್ಲಿ ಬೇಕಾದ್ದು ನುಣುಪು ಮೈ. ಚರ್ಮ ಹರಿದ ಮುರಿತಕ್ಕೆ ಹೊರಗಿನಿಂದ ಸರಳುಗಳ ಚೌಕಟ್ಟು ಕಟ್ಟಿದಾಗ ಮಾತ್ರ ಲೆಕ್ಕ ಬೇರೆ: ತಾತ್ಕಾಲಿಕವಾದರೂ ಆ ಸರಳು ಸಡಿಲವಾದರೆ ಸೋಂಕು ಒಳಗಿಳಿಯುತ್ತದೆ, ಅಲ್ಲಿ ಹೈಡ್ರಾಕ್ಸಿಅಪಟೈಟ್ ಲೇಪ ಹಿಡಿತ ಉಳಿಸುತ್ತದೆ.

ಅಜ್ಜಿಯ ವಿಚಾರದಲ್ಲಿ ಸಾಕ್ಷ್ಯ ಇನ್ನೂ ಸ್ಪಷ್ಟ. ಮುರಿದ ತೊಡೆಮೂಳೆಯ ತಲೆಯನ್ನು ತೆಗೆದು ಲೋಹದ ತಲೆ ಹಾಕುವಾಗ ಅದರ ದಂಡವನ್ನು ಮೂಳೆ ಸಿಮೆಂಟಿನಿಂದ ಕೂರಿಸಬಹುದು, ಇಲ್ಲವೇ ಲೇಪವಿರುವ ದಂಡವನ್ನು ಬಿಗಿಯಾಗಿ ಬಡಿದು ಮೂಳೆ ಬೆಳೆಯಲೆಂದು ಬಿಡಬಹುದು. ಬ್ರಿಟನ್ನಿನಲ್ಲಿ 60 ದಾಟಿದ 1,225 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಯಾದೃಚ್ಛಿಕ ಪ್ರಯೋಗದಲ್ಲಿ ಸಿಮೆಂಟಿನವರ ಬದುಕಿನ ಗುಣಮಟ್ಟ ತುಸು ಮೇಲಿತ್ತು. ದಂಡದ ಸುತ್ತ ಮೂಳೆ ಮತ್ತೆ ಮುರಿದದ್ದು ಸಿಮೆಂಟಿನವರಲ್ಲಿ ಶೇ 0.5, ಸಿಮೆಂಟಿಲ್ಲದವರಲ್ಲಿ ಶೇ 2.1. ಕಾರಣ ಊಹಿಸಲು ಕಷ್ಟವಿಲ್ಲ: ಟೊಳ್ಳಾದ ಮೂಳೆಗೆ ಲೋಹ ಬಡಿದು ಕೂರಿಸುವುದೇ ಅಪಾಯ. ಸ್ವೀಡನ್ನಿನ ಸೊಂಟ ಕೀಲು ದಾಖಲೆಗಳನ್ನು ಆಧರಿಸಿ 2010ರಲ್ಲಿ ಬಂದ ವಿಶ್ಲೇಷಣೆಯೂ ಕೀಲಿನ ಬಟ್ಟಲಿಗೆ ಹಚ್ಚಿದ ಹೈಡ್ರಾಕ್ಸಿಅಪಟೈಟಿನಿಂದ ಬಾಳಿಕೆ ಹೆಚ್ಚಿದ್ದನ್ನು ಕಾಣಲಿಲ್ಲ. ನಡುವಯಸ್ಸಿನ ಗಟ್ಟಿ ಮೂಳೆಯವರಿಗೆ ಸಿಮೆಂಟಿಲ್ಲದ ಲೇಪಿತ ಕೀಲು ಒಳ್ಳೆಯ ಆಯ್ಕೆಯೇ. ಅಜ್ಜಿಗೆ ಅಲ್ಲ.

ಹಲ್ಲಿನ ತಿರುಪಿಗೆ 1980ರ ದಶಕದಲ್ಲಿ ಈ ಲೇಪ ಹಚ್ಚುತ್ತಿದ್ದರು. ಸಿಪ್ಪೆ ಏಳುವ ಭಯದಿಂದ ಅದು ಹಿಂದೆ ಸರಿಯಿತು. ಈಗ ಮರಳು ಸಿಡಿಸಿ, ಆಮ್ಲದಲ್ಲಿ ಅದ್ದಿ ಒರಟು ಮಾಡಿದ ಮೈ ಹೆಚ್ಚು ಚಾಲ್ತಿಯಲ್ಲಿದೆ. ಕವಳ ಹಾಕುವವರ ವಸಡಿನ ರೋಗವನ್ನೂ ಬಿಗಿದ ಬಾಯನ್ನೂ ಗಮನಿಸದೆ ತಿರುಪಿನ ಮೇಲ್ಮೈ ಚರ್ಚಿಸುವುದು ವ್ಯರ್ಥ.

ಹೊಸ ದಾರಿಗಳಲ್ಲಿ ಕರ್ನಾಟಕದ ಒಂದು ಕೆಲಸ ವಿವರವಾಗಿ ನೋಡತಕ್ಕದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೌಶಿಕ್ ಚಟರ್ಜಿ ಮತ್ತು ಸಂಗಡಿಗರು 2017ರಲ್ಲಿ ‘ಕಪ್ಪು ಟೈಟೇನಿಯಂ’ ಕುರಿತು ಬರೆದರು. ಇದರಲ್ಲಿ ಏನನ್ನೂ ಹಚ್ಚಿಲ್ಲ. ಕ್ಲೋರಿನ್ ಪ್ಲಾಸ್ಮಾದಿಂದ ಲೋಹದ ಮೈಯನ್ನೇ ಕೊರೆದು ಸೂಕ್ಷ್ಮ ಕಂಬಗಳನ್ನು ಎಬ್ಬಿಸಿದ್ದಾರೆ. ಬೆಳಕು ಅವುಗಳ ನಡುವೆ ಸಿಕ್ಕಿಕೊಳ್ಳುವುದರಿಂದ ಕಪ್ಪು ಬಣ್ಣ. ಕಂಬದ ಮೊನೆಗೆ ಸಿಕ್ಕ ಬ್ಯಾಕ್ಟೀರಿಯಾ ಹರಿದು ಸಾಯುತ್ತದೆ, ಮೂಳೆಯಾಗಬಲ್ಲ ಆಕರ ಕೋಶಗಳು ಮಾತ್ರ ಅಂಟಿ ಬೆಳೆಯುತ್ತವೆ. ನಾಲ್ಕು ಗಂಟೆಯಲ್ಲಿ, ಅಂಟಿಕೊಂಡ ಇ. ಕೋಲಿಯಲ್ಲಿ ಸುಮಾರು ಶೇ 95 ಸತ್ತವು. ಆದರೆ ಮೂಳೆ ಶಸ್ತ್ರಚಿಕಿತ್ಸೆಯ ಮುಖ್ಯ ಶತ್ರು ಸ್ಟ್ಯಾಫಿಲೊಕಾಕಸ್ ಆರಿಯಸ್‌ನಲ್ಲಿ ಸತ್ತದ್ದು ಶೇ 22 ಮಾತ್ರ. 24 ಗಂಟೆಗೆ ಅದು ಶೇ 76ಕ್ಕೆ ಏರಿತು. ಆ ಜೀವಿಯ ದಪ್ಪ ಕೋಶಭಿತ್ತಿ ಸುಲಭಕ್ಕೆ ಹರಿಯುವಂಥದ್ದಲ್ಲ. ಇದು ಗಾಜಿನ ತಟ್ಟೆಯ ಮೇಲಿನ ಫಲಿತಾಂಶ, ರೋಗಿಯ ಮಾತು ದೂರ. ಹಾಗಿದ್ದೂ ಸಿಪ್ಪೆ ಏಳುವ ಪ್ರಶ್ನೆಯನ್ನೇ ಇಲ್ಲವಾಗಿಸಿ, ಮೂಳೆಯ ಹಿಡಿತ ಮತ್ತು ಸೋಂಕು ಎರಡನ್ನೂ ಒಟ್ಟಿಗೆ ಎದುರಿಸಿದ್ದು ಇದರ ಹೆಚ್ಚುಗಾರಿಕೆ. ಮಳೆಗಾಲದ ತೋಟದ ಕೆಸರಿನಲ್ಲಿ ಚರ್ಮ ಹರಿದು ಮೂಳೆ ಮುರಿದವನಿಗೆ ಎರಡನೆಯದೇ ಮೊದಲ ಚಿಂತೆ.

ಮಂಡಿಯ ಮಾತು ಬಂದಾಗ ‘ಚಿನ್ನದ ಮಂಡಿ’ ಎಂಬ ಪ್ರಚಾರ ಕಿವಿಗೆ ಬೀಳದಿರದು. ಆ ಹೊಂಬಣ್ಣ ಟೈಟೇನಿಯಂ ನಯೋಬಿಯಂ ನೈಟ್ರೈಡಿನದು. ಒಳಗಿನ ಲೋಹದ ಅಯಾನುಗಳು ಹೊರಬರದಂತೆ ತಡೆಯುವುದು ಅದರ ಉದ್ದೇಶ. ಮೂಳೆ ಹಿಡಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ ಹೆಚ್ಚಿನ ಮಂಡಿಗಳನ್ನು ಸಿಮೆಂಟಿನಿಂದಲೇ ಕೂರಿಸುತ್ತಾರೆ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ 54,720 ರೂಪಾಯಿ, ಟೈಟೇನಿಯಂ ಮತ್ತು ಆಕ್ಸಿಡೈಸ್ಡ್ ಜಿರ್ಕೋನಿಯಮ್ಮಿಗೆ 76,600 ರೂಪಾಯಿ ಮಿತಿ ಹಾಕಿದಾಗಲೂ ವರ್ಗೀಕರಣಕ್ಕೆ ಹಿಡಿದದ್ದು ಮುಖ್ಯವಾಗಿ ಲೋಹವನ್ನೇ.

ನಮ್ಮ ಕಡೆಯ ರೋಗಿ ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ಮಂಗಳೂರಿನಲ್ಲೋ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬರುತ್ತಾನೆ. ಹದಿನೈದು ವರ್ಷದ ಮೇಲೆ ಕೀಲು ಸಡಿಲವಾದರೆ ಬೇರೆ ಊರಿನ ಬೇರೆ ವೈದ್ಯರ ಮುಂದೆ ಕೂರುತ್ತಾನೆ. ಒಳಗಿರುವ ಲೋಹ ಯಾವುದು, ಲೇಪ ಯಾವುದು, ಅಳತೆ ಎಷ್ಟು ಎಂಬುದು ಎಕ್ಸ್‌ರೇಯಲ್ಲಿ ಪೂರ್ತಿ ಕಾಣುವುದಿಲ್ಲ. ಇಂಪ್ಲಾಂಟಿನ ಡಬ್ಬಿಯೊಳಗೆ ತಯಾರಕರ ಹೆಸರು, ಅಳತೆ, ಲಾಟ್ ಸಂಖ್ಯೆ ಇರುವ ಅಂಟುಚೀಟಿಗಳು ಬರುತ್ತವೆ. ಬಿಡುಗಡೆಯ ದಿನ ಅದರಲ್ಲೊಂದನ್ನು ಕೇಳಿ ಪಡೆದು, ಮನೆಯ ಪತ್ರಗಳ ಜೊತೆ ಜೋಪಾನವಾಗಿಡಿ.