ಹಾಡು ಹಿಟ್ ಆದರೂ ತಂಡ ಒಡೆದದ್ದು ಯಾಕೆ? ಫಿಫ್ಟಿ ಫಿಫ್ಟಿ ಕಥೆಯಲ್ಲಿ ನಿಜವೆಷ್ಟು, ಸುಳ್ಳೆಷ್ಟು

ದಕ್ಷಿಣ ಕೊರಿಯಾದ ನಾಲ್ವರು ಹುಡುಗಿಯರು ಒಂದೇ ಒಂದು ಹಾಡಿನಿಂದ ಕೋಟ್ಯಧೀಶರಾದರು. ದುಡ್ಡು ಕಂಡ ಕೂಡಲೇ ಬೆಳೆಸಿದ ಕಂಪನಿಗೇ ತಿರುಗಿಬಿದ್ದರು. ಕೋರ್ಟ್ ಅವರನ್ನು ಸುಳ್ಳುಗಾರರೆಂದು ಹೇಳಿ ಕಳಿಸಿತು. ಫಿಫ್ಟಿ ಫಿಫ್ಟಿ ಎಂಬ ತಂಡದ ಬಗ್ಗೆ ರೀಲ್ಸ್ ಮತ್ತು ಫಾರ್ವರ್ಡ್‌ಗಳಲ್ಲಿ ಇಂಥ ಕಥೆ ತಿರುಗುತ್ತಿರುತ್ತದೆ. ಕೊನೆಗೆ ‘ಹುಡುಗಿಯರ ತಂಡ ಏಳು ವರ್ಷ ಬಾಳುವುದಿಲ್ಲ’ ಎಂಬ ಒಗ್ಗರಣೆ ಬೇರೆ.

ಕೊರಿಯಾದ ಜಗಳ ಕಟ್ಟಿಕೊಂಡು ನಮಗೇನು ಎನ್ನಬೇಡಿ. ಶಿರಸಿಯ ಕಾಲೇಜು ಹುಡುಗಿಯರಿರಲಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ನೆಟ್‌ವರ್ಕ್ ಸಿಗುವ ಮೂಲೆ ಹುಡುಕಿ ಕೂರುವ ಮಕ್ಕಳಿರಲಿ, ಕೆ-ಪಾಪ್ ಹಾಡಿಗೆ ಹೆಜ್ಜೆ ಹಾಕುವವರು ಈಗ ಎಲ್ಲ ಕಡೆ ಇದ್ದಾರೆ. ಒಡಿಶಾದ ರೂರ್ಕೆಲಾದ ಶ್ರೇಯಾ ಲೆಂಕಾ 2022ರಲ್ಲಿ ಬ್ಲ್ಯಾಕ್‌ಸ್ವಾನ್ ಎಂಬ ಕೊರಿಯನ್ ತಂಡ ಸೇರಿದ ಮೇಲೆ ‘ನಾನೂ ಹೋಗಬಹುದು’ ಎನ್ನುವ ಆಸೆ ಹಗಲುಗನಸಾಗಿ ಉಳಿದಿಲ್ಲ. ಹಾಗಾಗಿ ಒಂದು ತಂಡ ಹೇಗೆ ಏಳುತ್ತದೆ, ಹೇಗೆ ಒಡೆಯುತ್ತದೆ ಎನ್ನುವುದು ಮಕ್ಕಳಿಗೂ ಅಪ್ಪ-ಅಮ್ಮಂದಿರಿಗೂ ಗೊತ್ತಿರಬೇಕು.

ಮೊದಲು ನಡೆದದ್ದೇನು?

ಸೇನಾ, ಆರಾನ್, ಕೀನಾ, ಸಿಯೋ ಎಂಬ ನಾಲ್ವರ ತಂಡವನ್ನು ಅಟ್ರ್ಯಾಕ್ಟ್ ಎಂಬ ಸಣ್ಣ ಕಂಪನಿ 2022ರ ನವೆಂಬರ್ 18ರಂದು ವೇದಿಕೆಗೆ ತಂದಿತು. 2023ರ ಫೆಬ್ರವರಿ 24ರಂದು ‘ಕ್ಯುಪಿಡ್’ ಹಾಡು ಬಂತು. ಅದರ ವೇಗ ಹೆಚ್ಚಿಸಿದ ತುಣುಕು ಟಿಕ್‌ಟಾಕ್‌ನಲ್ಲಿ ಹಬ್ಬಿತು. ಏಪ್ರಿಲ್ ಹೊತ್ತಿಗೆ ಹಾಡು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ 100ನೇ ಸ್ಥಾನದಲ್ಲಿತ್ತು. ಆಮೇಲೆ 17ನೇ ಸ್ಥಾನಕ್ಕೇರಿತು. ಹಾಡು ಪಟ್ಟಿ ಸೇರಿದಾಗ ತಂಡ ಹುಟ್ಟಿ ನಾಲ್ಕೈದು ತಿಂಗಳಷ್ಟೇ ಆಗಿತ್ತು.

ಜೂನ್ 19ರಂದು ನಾಲ್ವರೂ ಒಪ್ಪಂದ ತಡೆಹಿಡಿಯುವಂತೆ ಸೋಲ್ ನಗರದ ಕೋರ್ಟಿಗೆ ಹೋದರು. ಆಗಸ್ಟ್ 28ರಂದು ಕೋರ್ಟ್ ಅರ್ಜಿ ತಳ್ಳಿಹಾಕಿತು. ಅಕ್ಟೋಬರ್‌ನಲ್ಲಿ ಕೀನಾ ಕಂಪನಿಗೆ ಮರಳಿದರು. ಉಳಿದ ಮೂವರ ಒಪ್ಪಂದವನ್ನು ಕಂಪನಿಯೇ ರದ್ದು ಮಾಡಿತು. ಮೊದಲ ವೇದಿಕೆಯಿಂದ ಒಡಕಿನವರೆಗೆ ಒಂದು ವರ್ಷವೂ ತುಂಬಿರಲಿಲ್ಲ.

ಮಿಥ್ಯೆ 1: ಹಾಡು ಹಿಟ್ ಆಯಿತು ಎಂದರೆ ಹಾಡಿದವರ ಕೈಗೆ ದುಡ್ಡು ಬಂತು

ಇಲ್ಲ. ಇದು ನಮ್ಮ ಅಡಿಕೆ ಬೆಳೆಗಾರರಿಗೆ ಬೇಗ ಅರ್ಥವಾಗುವ ಲೆಕ್ಕ. ದರ ಏರಿದ ಸುದ್ದಿ ಪೇಪರಿನಲ್ಲಿ ಬರುತ್ತದೆ. ಆದರೆ ಸೊಸೈಟಿಗೆ ಅಡಿಕೆ ಹಾಕಿದಾಗ ಮೊದಲು ಹಳೆಯ ಸಾಲ, ಬಡ್ಡಿ ಮುರಿದುಕೊಳ್ಳುತ್ತಾರೆ. ಉಳಿದದ್ದು ಮಾತ್ರ ಕೈಗೆ.

ಕೆ-ಪಾಪ್‌ನಲ್ಲೂ ಹಾಗೆಯೇ. ತರಬೇತಿ, ಊಟ-ವಸತಿ, ನೃತ್ಯ ಮತ್ತು ಗಾಯನದ ಗುರುಗಳು, ಉಡುಪು, ವಿಡಿಯೊ ಎಲ್ಲಕ್ಕೂ ಕಂಪನಿ ಮೊದಲು ಹಣ ಹಾಕುತ್ತದೆ. ಸಾಮಾನ್ಯವಾಗಿ ಆದಾಯ ಬಂದಾಗ ಈ ಖರ್ಚು ಕಳೆದ ಮೇಲೆಯೇ ಕಲಾವಿದರಿಗೆ ಪಾಲು. ವಿದೇಶದಲ್ಲಿ ಹಾಡು ಕೇಳಿದ್ದರ ಹಣ ಕಂಪನಿಗೆ ತಲುಪಲು ತಿಂಗಳುಗಳೇ ಬೇಕು. ಏಪ್ರಿಲ್‌ನಲ್ಲಿ ಪಟ್ಟಿ ಸೇರಿದ ಹಾಡಿನ ದುಡ್ಡು ಜೂನ್‌ನಲ್ಲಿ ಜೇಬಿನಲ್ಲಿತ್ತು ಎಂದುಕೊಳ್ಳುವುದೇ ತಪ್ಪು.

ಪಾಲಿನ ಲೆಕ್ಕ ಎಷ್ಟು ಮುಖ್ಯ ಎನ್ನುವುದಕ್ಕೆ ಇನ್ನೊಂದು ತಂಡವನ್ನು ನೋಡಿ. ಲೂನಾ ತಂಡದ ಚುವು ಅವರ ಒಪ್ಪಂದದಲ್ಲಿ ಆದಾಯದ 70 ಪಾಲು ಕಂಪನಿಗೆ, 30 ಪಾಲು ಕಲಾವಿದೆಗೆ, ಖರ್ಚು ಮಾತ್ರ ಅರ್ಧರ್ಧ ಎಂದಿತ್ತು ಎಂದು ಕೊರಿಯಾದ ಮಾಧ್ಯಮಗಳು 2022ರಲ್ಲಿ ವರದಿ ಮಾಡಿದವು. ಈಗ ನೀವೇ ಲೆಕ್ಕ ಹಾಕಿ. 100 ರೂಪಾಯಿ ಬಂತು, 70 ರೂಪಾಯಿ ಖರ್ಚಾಯಿತು ಎಂದುಕೊಳ್ಳೋಣ. ಕಲಾವಿದೆಯ ಪಾಲು 30, ಆಕೆಯ ತಲೆಗೆ ಖರ್ಚು 35. ಅಂದರೆ ದುಡಿದ ಮೇಲೆ 5 ರೂಪಾಯಿ ಸಾಲ! ಕಂಪನಿಗೆ ಮಾತ್ರ 35 ರೂಪಾಯಿ ಉಳಿತಾಯ. ಇಬ್ಬರೂ ಒಂದೇ ಗಾಡಿಯಲ್ಲಿದ್ದರೂ ಮುಳುಗುವುದು ಒಬ್ಬರೇ.

ಮಿಥ್ಯೆ 2: ಅನ್ನ ಹಾಕಿದವರಿಗೇ ದ್ರೋಹ ಬಗೆದರು

ನಾಲ್ವರು ಕೋರ್ಟಿನಲ್ಲಿ ಎತ್ತಿದ್ದು ಮೂರು ದೂರು. ಲೆಕ್ಕ ಪಾರದರ್ಶಕವಾಗಿಲ್ಲ, ಆರೋಗ್ಯ ಸರಿಯಿಲ್ಲದಾಗಲೂ ಕಾರ್ಯಕ್ರಮ ಮಾಡಿಸಿದರು, ತಂಡ ನಡೆಸಲು ಬೇಕಾದ ಜನಬಲ ಮತ್ತು ಸೌಕರ್ಯ ಕಂಪನಿಯ ಬಳಿ ಇಲ್ಲ. ಕಂಪನಿ ಇದನ್ನು ಒಪ್ಪಲಿಲ್ಲ. ಹಾಡಿನ ನಿರ್ಮಾಣದಲ್ಲಿದ್ದ ಹೊರಗಿನ ಸಂಸ್ಥೆಯೊಂದು ಹುಡುಗಿಯರನ್ನು ಸೆಳೆಯಲು ನೋಡಿತು ಎಂದು ಆರೋಪಿಸಿತು. ಆ ಸಂಸ್ಥೆ ಅದನ್ನು ಅಲ್ಲಗಳೆಯಿತು. ಫಾರ್ವರ್ಡ್‌ಗಳು ಹೇಳುವಂತೆ ಇದು ಒಳ್ಳೆಯವರು-ಕೆಟ್ಟವರ ಪ್ರಸಂಗವಲ್ಲ. ಒಂದು ಒಪ್ಪಂದವನ್ನು ಇಬ್ಬರು ಎರಡು ರೀತಿ ಓದಿದ ಕಥೆ.

ಮಿಥ್ಯೆ 3: ಕೋರ್ಟ್ ಅವರನ್ನು ಸುಳ್ಳುಗಾರರೆಂದಿತು

ಕೋರ್ಟ್ ಮುಂದಿದ್ದದ್ದು ತಾತ್ಕಾಲಿಕ ತಡೆಯ ಅರ್ಜಿ. ಅದು ಇಡೀ ಜಗಳದ ಅಂತಿಮ ತೀರ್ಪಲ್ಲ. ಲೆಕ್ಕದ ರಚನೆಯನ್ನು, ಮುಂಗಡ ಹಣದ ಬಳಕೆಯನ್ನು ಸರಿಯಾಗಿ ವಿವರಿಸದಿದ್ದರೆ ಅದು ನಂಬಿಕೆ ಮುರಿಯಲು ಕಾರಣವಾಗಬಹುದು ಎಂಬುದನ್ನು ಕೋರ್ಟ್ ಒಪ್ಪಿತು. ಆದರೆ ಒಪ್ಪಂದ ರದ್ದೆಂದು ನೋಟಿಸ್ ಕೊಡುವ ಮೊದಲು ಈ ವಿಷಯವನ್ನು ನಿರ್ದಿಷ್ಟವಾಗಿ ಎತ್ತಿರಲಿಲ್ಲ ಎಂದಿತು. ಆರೋಗ್ಯದ ವಿಷಯದಲ್ಲೂ ಕಂಪನಿ ಕರ್ತವ್ಯ ಮೀರಿದ್ದಕ್ಕೆ ಸಾಕಷ್ಟು ಆಧಾರ ಕಾಣಲಿಲ್ಲ. ಹೀಗಾಗಿ ಅರ್ಜಿ ಬಿತ್ತು.

ಅದೇ ವರ್ಷದ ಜನವರಿಯಲ್ಲಿ ಲೂನಾ ತಂಡದ ನಾಲ್ವರಿಗೆ ಕೊರಿಯಾದ ಕೋರ್ಟ್ ಇಂಥದ್ದೇ ಅರ್ಜಿಯಲ್ಲಿ ಪರಿಹಾರ ಕೊಟ್ಟಿತ್ತು. ಕೋರ್ಟ್ ಸದಾ ಕಂಪನಿಯ ಕಡೆ ಎನ್ನುವುದೂ ಸುಳ್ಳು, ಸದಾ ಕಲಾವಿದರ ಕಡೆ ಎನ್ನುವುದೂ ಸುಳ್ಳು. ಕಾಗದ ಏನು ಹೇಳುತ್ತದೆ, ಯಾವಾಗ ಕೇಳಿದಿರಿ ಎನ್ನುವುದೇ ಅಲ್ಲಿ ಮುಖ್ಯ.

ಮಿಥ್ಯೆ 4: ಏಳು ವರ್ಷದ ಶಾಪ

2ಎನ್ಇ1 ಮತ್ತು 4ಮಿನಿಟ್ ತಂಡಗಳು 2009ರಲ್ಲಿ ಬಂದು 2016ರಲ್ಲಿ ಮುಗಿದದ್ದು ನಿಜ. ಆದರೆ ಇದಕ್ಕೆ ಕಾರಣ ಶನಿಕಾಟವಲ್ಲ. 2009ರಲ್ಲಿ ಟಿವಿಎಕ್ಸ್‌ಕ್ಯೂ ತಂಡದ ಮೂವರು 13 ವರ್ಷದ ಒಪ್ಪಂದದ ವಿರುದ್ಧ ಕೋರ್ಟಿಗೆ ಹೋಗಿದ್ದರು. ಅದೇ ವರ್ಷ ಕೊರಿಯಾದ ವ್ಯಾಪಾರ ನ್ಯಾಯ ಆಯೋಗ ಒಂದು ಮಾದರಿ ಒಪ್ಪಂದ ಹೊರತಂದಿತು. ಏಳು ವರ್ಷ ದಾಟಿದ ಮೇಲೆ ಕಲಾವಿದರು ಹೊರಬರಬಹುದು ಎಂಬುದು ಅದರ ತಿರುಳು. ಹೆಚ್ಚಿನ ಒಪ್ಪಂದಗಳು ಏಳು ವರ್ಷದ್ದಾದ್ದರಿಂದ ಏಳನೇ ವರ್ಷಕ್ಕೆ ‘ಮುಂದುವರಿಯೋಣವೋ ಬೇಡವೋ’ ಎಂಬ ಪ್ರಶ್ನೆ ಬರುತ್ತದೆ. 2015ರಲ್ಲಿ ಬಂದ ಟ್ವೈಸ್ 2022ರಲ್ಲಿ, 2016ರಲ್ಲಿ ಬಂದ ಬ್ಲ್ಯಾಕ್‌ಪಿಂಕ್ 2023ರಲ್ಲಿ ಒಪ್ಪಂದ ಮುಂದುವರಿಸಿದವು. ಶಾಪವಾಗಿದ್ದರೆ ಅವೂ ಒಡೆಯಬೇಕಿತ್ತಲ್ಲ?

ಹೆಸರು ಯಾರದ್ದು?

ಇದು ಫಾರ್ವರ್ಡ್‌ಗಳಲ್ಲಿ ಕಾಣದ, ಆದರೆ ಅತಿ ಮುಖ್ಯವಾದ ಸಂಗತಿ. ನಮ್ಮ ಯಕ್ಷಗಾನದಲ್ಲಿ ತಿರುಗಾಟ ಮುಗಿದ ಮೇಲೆ ಕಲಾವಿದರು ಮೇಳ ಬದಲಿಸುವುದು ಹೊಸತಲ್ಲ. ಮೇಳದ ಹೆಸರು ದೇವಸ್ಥಾನದ್ದು ಅಥವಾ ಯಜಮಾನರದ್ದು. ಆದರೆ ಕಲಾವಿದನ ಹೆಸರು ಅವನ ಜೊತೆಗೇ ಹೋಗುತ್ತದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಯಾವ ಮೇಳದಲ್ಲಿದ್ದರೂ ಚಿಟ್ಟಾಣಿಯೇ.

ಕೆ-ಪಾಪ್‌ನಲ್ಲಿ ಜನ ನೆನಪಿಡುವುದು ತಂಡದ ಹೆಸರನ್ನು, ಅದು ಸಾಮಾನ್ಯವಾಗಿ ಕಂಪನಿಯ ಸ್ವತ್ತು. ಫಿಫ್ಟಿ ಫಿಫ್ಟಿ ಹೆಸರು ಅಟ್ರ್ಯಾಕ್ಟ್ ಬಳಿಯೇ ಉಳಿಯಿತು. ಕೀನಾ ಜೊತೆ ನಾಲ್ವರು ಹೊಸಬರನ್ನು ಸೇರಿಸಿ 2024ರ ಸೆಪ್ಟೆಂಬರ್‌ನಲ್ಲಿ ಕಂಪನಿ ಐವರ ತಂಡವಾಗಿ ಮರಳಿತು. ಹೊರಹೋದ ಮೂವರು ಎಬ್ಲೂಮ್ ಎಂಬ ಹೊಸ ಹೆಸರಿನಲ್ಲಿ ಮೊದಲಿನಿಂದ ಶುರುಮಾಡಬೇಕಾಯಿತು. ಲೂನಾ ಸದಸ್ಯೆಯರ ಪಾಡೂ ಹೆಚ್ಚುಕಡಿಮೆ ಇದೇ.

ನಮ್ಮ ಮನೆಯ ಮಗಳ ಕೈಗೆ ಕಾಗದ ಬಂದರೆ?

ಕೊರಿಯಾ ದೂರವಿರಬಹುದು. ಆದರೆ ರಿಯಾಲಿಟಿ ಶೋ, ಆಲ್ಬಮ್ ಹಾಡು, ಯೂಟ್ಯೂಬ್ ಚಾನೆಲ್ ಎಂದು ಸಹಿ ಕೇಳುವ ಕಾಗದ ಇಲ್ಲಿಗೂ ಬರುತ್ತದೆ. ಆಗ ಐದು ಪ್ರಶ್ನೆ ಕೇಳಿ:

1. ಒಪ್ಪಂದ ಎಷ್ಟು ವರ್ಷದ್ದು?
2. ಖರ್ಚನ್ನು ಪಾಲು ಮಾಡುವ ಮೊದಲು ಕಳೆಯುತ್ತಾರೋ, ಆಮೇಲೆಯೋ? ಯಾರ ತಲೆಗೆ ಎಷ್ಟು?
3. ಲೆಕ್ಕವನ್ನು ಎಷ್ಟು ತಿಂಗಳಿಗೊಮ್ಮೆ, ಬರಹದಲ್ಲಿ ಕೊಡುತ್ತಾರೆ?
4. ಹೆಸರು, ಹಾಡು, ಚಾನೆಲ್ ಯಾರ ಸ್ವತ್ತು?
5. ಕಾಯಿಲೆ ಬಿದ್ದರೆ, ಓದು ಮುಂದುವರಿಸಬೇಕೆಂದರೆ ಹೊರಬರುವುದು ಹೇಗೆ?

ತಕರಾರಿದ್ದರೆ ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿ. ಬರಹದಲ್ಲಿ ಕೇಳಿ, ಪ್ರತಿ ಇಟ್ಟುಕೊಳ್ಳಿ. ಫಿಫ್ಟಿ ಫಿಫ್ಟಿಯ ನಾಲ್ವರು ಎಡವಿದ್ದು ಇಲ್ಲೇ. ಸಹಿಗೆ ಮೊದಲು ವಕೀಲರೊಬ್ಬರಿಗೆ ಕಾಗದ ತೋರಿಸಿ.

ಇನ್ನೊಂದು ಮಾತು. ‘ಕೊರಿಯನ್ ಆಡಿಷನ್‌ಗೆ ಆಯ್ಕೆಯಾಗಿದ್ದೀರಿ, ನೋಂದಣಿ ಶುಲ್ಕ ಕಳಿಸಿ’ ಎಂಬ ಮೆಸೇಜ್ ಬಂದರೆ ಹಣ ಹಾಕಬೇಡಿ. ಅಲ್ಲಿನ ದೊಡ್ಡ ಕಂಪನಿಗಳು ಆಡಿಷನ್‌ಗೆ ಶುಲ್ಕ ಕೇಳುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಾಲ್ವರು ಹುಡುಗಿಯರ ‘ದುರಾಸೆ’ಯ ಕಥೆ ನಿಮ್ಮ ಗುಂಪಿಗೂ ಬಂದರೆ ಮುಂದೆ ತಳ್ಳುವ ಮೊದಲು ಒಂದು ಪ್ರಶ್ನೆ ಹಾಕಿ ನೋಡಿ: ಅವರ ಒಪ್ಪಂದದಲ್ಲಿ ಏನಿತ್ತು? ಉತ್ತರ ಕೊಡಲಾಗದ ಫಾರ್ವರ್ಡ್ ನಿಮ್ಮ ಫೋನಿನಲ್ಲೇ ನಿಲ್ಲಲಿ.